ಭಾವವೂ ಅರಿವೂ

ಒಳಿತನ್ನು ಬೋಧಿಸುವವನು ಕೇಳುವವರ ಹೃದಯವನ್ನು ಕಲಕಬಹುದೆ? ಕಲಕಬಹುದಾದರೆ ಅದಕ್ಕೆ ಮೇರೆಯೆಲ್ಲಿ? ಅಹಿತವಾದ ಆಹಾರವನ್ನು ಕುರಿತು ಬರುತ್ತಿರುವ ಸಾಕ್ಷ್ಯಚಿತ್ರಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿವೆ.

೨೦೦೪ರಲ್ಲಿ ಅಮೆರಿಕದ ಮಾರ್ಗನ್ ಸ್ಪರ್ಲಾಕ್ ಎಂಬಾತನು 'ಸೂಪರ್ ಸೈಜ್ ಮಿ' ಎಂಬ ಚಿತ್ರವನ್ನು ಹೊರತಂದನು. ೩೦ ದಿನ ಆತನು ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳ ತಿನಿಸನ್ನೇ ಉಂಡನು. ದೊಡ್ಡ ಅಳತೆಯದು ಬೇಕೆ ಎಂದು ಮಾರುವವರು ಕೇಳಿದರೆ ಒಲ್ಲೆನೆನ್ನಬಾರದೆಂಬುದು ಆತನ ನಿಯಮ. ಆತನು ವಾಂತಿ ಮಾಡಿದ್ದು, ೧೧ ಕಿಲೋಗ್ರಾಂನಷ್ಟು ತೂಕವೇರಿದ್ದು, ಯಕೃತ್ತಿನ ಸ್ಥಿತಿಯನ್ನು ಕಂಡು ವೈದ್ಯನು ಬೆರಗಾದದ್ದು, ಇವೆಲ್ಲವೂ ತೆರೆಯ ಮೇಲೆ ಮೂಡಿದವು. ನೋಡಿದವರು ಹೇಸಿದರು, ಅಂಜಿದರು. ಆದರೆ ೨೦೧೭ರಲ್ಲಿ ಆತನೇ, ಮೂವತ್ತು ವರ್ಷಗಳಿಂದ ತಾನು ಒಂದು ವಾರಕ್ಕಿಂತ ಹೆಚ್ಚು ಕಾಲ ಮದ್ಯವಿಲ್ಲದೆ ಇದ್ದುದಿಲ್ಲವೆಂದು ಬರೆದು ಪ್ರಕಟಿಸಿದನು. ಯಕೃತ್ತು ಕೆಟ್ಟದ್ದು ತಿನಿಸಿನಿಂದಲೋ ಮದ್ಯದಿಂದಲೋ ಎಂಬ ಸಂಶಯವು ಅಂದಿನಿಂದ ಆ ಚಿತ್ರಕ್ಕೆ ಅಂಟಿಕೊಂಡಿತು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಹೆದರಿಸಿಯಾದರೂ ನಾಲಗೆಯ ಚಪಲವನ್ನು ಬಿಡಿಸಿದರೆ ತಪ್ಪೇನು? ತಾಯಿಯು ಗುಮ್ಮನ ಹೆಸರು ಹೇಳಿ ಮಗುವಿಗೆ ಉಣಿಸುವುದಿಲ್ಲವೆ? ಅಹುದು, ಉಣಿಸುತ್ತಾಳೆ. ಬೆಳೆದ ಮಗನು ಅದನ್ನು ನೆನೆದು ನಗುತ್ತಾನೆ. ಪ್ರಾಯಪ್ರಬುದ್ಧನಾದ ಪ್ರೇಕ್ಷಕನಾದರೋ ನಗುವುದಿಲ್ಲ. ಮುಚ್ಚಿಟ್ಟುದು ಹೊರಬಿದ್ದಾಗ ಚಿತ್ರದೊಳಗಿನ ದಿಟವನ್ನೂ ಸುಳ್ಳೆಂದು ತಳ್ಳಿ ಹಳೆಯ ಚಪಲಕ್ಕೇ ಮರಳುತ್ತಾನೆ. ಅತಿಯಾಗಿ ಸಕ್ಕರೆ, ಉಪ್ಪು, ಜಿಡ್ಡು ತಿನ್ನುವುದು ದೇಹಕ್ಕೆ ಕೇಡೆಂಬುದು ದಿಟವೇ. ಆ ದಿಟಕ್ಕೆ ನಷ್ಟವಾದದ್ದು ಅದರ ಪರವಾಗಿ ಮಾತನಾಡಿದವನಿಂದಲೇ.

ಹಾಗೆಂದು ಭಾವವನ್ನೇ ಹಳಿಯಲಾಗದು. ಶರಣರ ನುಡಿಯೂ ಹೃದಯವನ್ನು ಕರಗಿಸುತ್ತದೆ. ಆದರೆ ಅವರು ನುಡಿಗೆ ನಡೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. ಅರಿವು ಮುಂದೆ ನಡೆದು ಭಾವವು ಅದನ್ನು ಹಿಂಬಾಲಿಸಿದರೆ ಅದು ಬೋಧೆ. ಅರಿವನ್ನು ಮರೆಮಾಡಿ ಭಾವವನ್ನು ಕೆರಳಿಸಿದರೆ, ಉದ್ದೇಶವು ಎಷ್ಟೇ ಒಳ್ಳೆಯದಾಗಿರಲಿ, ಅದು ವಂಚನೆ. ತಿನಿಸನ್ನು ಮಾರುವವರ ಜಾಹೀರಾತು ಆಸೆಯನ್ನು ಕೆರಳಿಸುತ್ತದೆ. ಇಂಥ ಚಿತ್ರವು ಭಯವನ್ನು ಕೆರಳಿಸುತ್ತದೆ. ಎರಡರಲ್ಲಿಯೂ ನೋಡುವವನ ವಿವೇಕಕ್ಕೆ ಎಡೆಯಿಲ್ಲ.

ಭಯಕ್ಕೆ ಮತ್ತೊಂದು ದೋಷವುಂಟು. ಅದು ಅನ್ನವನ್ನೇ ಹಗೆಯಾಗಿ ಕಾಣಿಸುತ್ತದೆ. ಲಿಂಗಾರ್ಪಿತವಾದ ಪದಾರ್ಥವು ಪ್ರಸಾದವಾಗುವುದೆಂಬುದು ನಮ್ಮ ಮತ. ಅರ್ಪಿಸಲು ಕೈ ಹಿಂಜರಿಯುವ ವಸ್ತುವನ್ನು ಭಕ್ತನು ಉಣ್ಣನು; ಪ್ರಸಾದವನ್ನು ಚೆಲ್ಲಬಾರದಾದುದರಿಂದ ಬೇಕಾದುದಕ್ಕಿಂತ ಹೆಚ್ಚು ನೀಡಿಸಿಕೊಳ್ಳನು. ಚಿತ್ರವು ಮುಗಿದೊಡನೆ ಭಯವು ಇಳಿಯತೊಡಗುತ್ತದೆ. ಈ ಎಚ್ಚರವಾದರೋ ದಿನದಿನವೂ ಎಡೆಯ ಮುಂದೆ ಕುಳಿತಾಗಲೆಲ್ಲ ಹೊಸದಾಗುತ್ತದೆ.

ಆದುದರಿಂದ ಇಂಥ ಚಿತ್ರಗಳನ್ನು ನೋಡಬಾರದೆಂದಲ್ಲ. ನೋಡಿ ಮನಸ್ಸು ಕಲಕಿದಾಗ, ತೋರಿಸಿದುದೇನು, ತೋರಿಸದೆ ಉಳಿಸಿದುದೇನು ಎಂದು ಸದ್ಭಕ್ತರು ವಿಚಾರಿಸಬೇಕು. ಪರರಿಗೆ ಪಥ್ಯವನ್ನು ಹೇಳುವಾಗ ತಮ್ಮ ಮಾತನ್ನೂ ಅದೇ ಒರೆಗೆ ಹಚ್ಚಬೇಕು.