ಹುಣಸೆಯೂ ಗಂಧಕವೂ

1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು, 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಅದರ ಅಂಗವಾಗಿದ್ದ ಹನೂರು, ಈ ಸೀಮೆಯ ಹಳೆಯ ದೇವರಪೆಟ್ಟಿಗೆಯಲ್ಲಿ ಮುಮ್ಮಡಿ ಕೃಷ್ಣರಾಜರ ಆನೆಕಾಸೂ ಕುಂಪಣಿಯ ಕಾಸೂ ಜೊತೆಯಾಗಿ ದೊರೆತರೆ ಅಚ್ಚರಿಯಿಲ್ಲ. ತಾಮ್ರಕ್ಕೆ ಕ್ಷಾರಾಮ್ಲಜಲಗಳಿಂದ ಶುದ್ಧಿಯೆಂದು ಮನುಸ್ಮೃತಿಯೇ ವಿಧಿಸಿರಲು, ಪೂಜೆಯ ಚೊಂಬನ್ನುಜ್ಜಿದ ಹುಣಸೆಯಿಂದಲೇ ಗೃಹಿಣಿಯು ಕಾಸನ್ನೂ ಉಜ್ಜುವಳು; ಶತಮಾನದ ಗಾಳಿಯೂ ತೇವವೂ ಕೈಬೆವರೂ ಲೇಪಿಸಿದ ಕಂದುಪೊರೆ ಕ್ಷಣಾರ್ಧದಲ್ಲಿ ಕಳಚುವುದು. ಆ ಬೆತ್ತಲೆ ನಾಣ್ಯಕ್ಕೆ ವ್ಯಾಪಾರಿಯು ಗಂಧಕದ ದ್ರಾವಣವನ್ನು ಸವರಿ ಮತ್ತೆ ಕಪ್ಪೇರಿಸಿ, ಆ ಮಾತನ್ನು ಮರೆಸಿ ಮಾರಿದರೆ, ಅನೃತವೆಲ್ಲಿದೆ? ಲೋಹವು ನಿಜ, ಮುದ್ರೆಯು ನಿಜ, ಕಾಲವೊಂದೇ ಆರೋಪಿತ. ಹಗ್ಗದಲ್ಲಿ ಹಾವನ್ನು ಕಂಡವನಿಗೆ ಅಜ್ಞಾನದ ಕ್ಷಮೆಯಾದರೂ ಉಂಟು, ಸವರಿದವನಿಗೆ ಅದೂ ಇಲ್ಲ. ಹುಣಸೆ ಹಿಡಿದ ಕೈಯನ್ನು ಮಾತ್ರ (ನನ್ನ ಅಜ್ಜಿಯದೂ ಅಂಥದೇ) ದೂಷಿಸಲು ನಾನೊಲ್ಲೆ. ಸಂಗ್ರಾಹಕನು ಚರಿತ್ರೆಯೆಂದು ಆದರಿಸುವ ಆ ಪೊರೆ ಆಕೆಯ ಕಣ್ಣಿಗೆ ದೇವರೆದುರಿನ ಕಿಲುಬು.