ಒಲ್ಲೆ ಎನ್ನುವ ಚೀಟಿ

ಮೊನ್ನೆ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಬಂದಿದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾಗ, “ದೊಡ್ಡಮ್ಮ, ಹೋದ ಭಾನುವಾರ ಒಂದೇ ಸಂಜೆ ಹತ್ತು ಹುಡುಗರನ್ನು ನೋಡಿಬಂದೆ” ಎಂದಳು. ನನ್ನ ಕೈಯ ದಾರ ಅಲ್ಲೇ ನಿಂತಿತು.

ಅದಕ್ಕೆ ಸ್ಪೀಡ್ ಡೇಟಿಂಗ್ ಅನ್ನುತ್ತಾರಂತೆ. ಹೋಟೆಲಿನಲ್ಲಿ ಸಾಲಾಗಿ ಮೇಜುಗಳು. ಹುಡುಗಿಯರು ಕೂತಲ್ಲೇ ಕೂತಿರುತ್ತಾರೆ. ಹುಡುಗರು ಎದುರು ಬಂದು ಐದಾರು ನಿಮಿಷ ಮಾತಾಡುತ್ತಾರೆ. ಗಂಟೆ ಬಾರಿಸಿದರೆ ಎದ್ದು ಮುಂದಿನ ಮೇಜಿಗೆ. ಕೊನೆಗೆ, ಮತ್ತೆ ಯಾರನ್ನು ಕಾಣಲು ಇಷ್ಟವೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಗುರುತು ಹಾಕಿ ಕೊಡಬೇಕು. ಇಬ್ಬರೂ ಒಪ್ಪಿದ್ದರೆ ಮಾತ್ರ ಫೋನ್ ನಂಬರು. 1998ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಯಾಕೋವ್ ಡೇಯೋ ಎಂಬ ಯಹೂದಿ ಧರ್ಮಗುರು, ತಮ್ಮವರು ತಮ್ಮವರನ್ನೇ ಮದುವೆಯಾಗಲಿ ಎಂದು ಇದನ್ನು ಶುರುಮಾಡಿದರಂತೆ. ಅಂದರೆ ಇದೂ ಒಂದು ವಧೂವರರ ಸಮಾವೇಶವೇ!

“ಅಷ್ಟರಲ್ಲಿ ಒಬ್ಬ ಮನುಷ್ಯ ಅರ್ಥವಾಗ್ತಾನೇನೇ?” ಎಂದೆ.

“ನಿಮಗೆಷ್ಟು ನಿಮಿಷ ಕೊಟ್ಟಿದ್ದರು ದೊಡ್ಡಮ್ಮ?”

ಉತ್ತರ ಹೊಳೆಯಲಿಲ್ಲ. ನನ್ನನ್ನು ನೋಡಲು ಯಳಂದೂರಿನಿಂದ ಎಂಟು ಜನ ಬಂದಿದ್ದರು. ಕೇಸರಿಬಾತಿನ ತಟ್ಟೆ ಕೊಡುವಾಗ ನಾನು ಕಂಡದ್ದು ಒಂದು ಕೈ, ಅದರ ಗಡಿಯಾರ, ಅಷ್ಟೆ. ಅದಕ್ಕೂ ಮೊದಲು ಹನೂರಿನವರು ‘ಬಣ್ಣ ಕಡಿಮೆ’ ಎಂದು ಹೇಳಿಕಳಿಸಿದ್ದರು. ಯಳಂದೂರಿನ ಕಾಗದಕ್ಕಾಗಿ ಅಪ್ಪ ಹದಿನೈದು ದಿನ ಅಂಚೆಯವನ ದಾರಿ ಕಾದರು. ಒಪ್ಪಿಗೆ ಬಂತು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಯಜಮಾನರು ಒಳ್ಳೆಯವರೇ ಸಿಕ್ಕರು, ನಿಜ. ಅದು ನನ್ನ ಅದೃಷ್ಟ. ಆದರೆ ಬಾಳು ಚೆನ್ನಾಗಿ ಆಯಿತೆಂದ ಮಾತ್ರಕ್ಕೆ, ಕೇಳದೆ ಹೋದದ್ದು ಸರಿಯಾಗಿಬಿಡುತ್ತದೆಯೇ?

ಅವಳು ಅಲ್ಲಿಗೆ ಹೋದದ್ದಾದರೂ ಯಾಕೆ? ಆಫೀಸು, ರೂಮು ಬಿಟ್ಟರೆ ಹೊಸ ಮುಖ ಕಾಣುವುದಿಲ್ಲ. ಮೊಬೈಲಿನ ಫೋಟೋಗಳಲ್ಲಿ ದನಿ ಕೇಳಿಸುವುದಿಲ್ಲ. ಚೀಟಿಯಿರುವುದರಿಂದ ಮುಖಕ್ಕೆ ಹೊಡೆದಂತೆ ‘ಬೇಡ’ ಎನ್ನಬೇಕಾಗಿಲ್ಲ. ಹಾಗೆಂದು ಎಲ್ಲ ಚೆಂದವೆಂದಲ್ಲ. ಅಲ್ಲಿ ಮಾತುಗಾರ ಗೆಲ್ಲುತ್ತಾನೆ, ಸಂಕೋಚದವನು ಸೋಲುತ್ತಾನೆ. ಕುಡಿತ, ಸಾಲ ಇವು ಐದು ನಿಮಿಷದಲ್ಲಿ ಬಾಯಿ ಬಿಡುವುದಿಲ್ಲ. ನಾಲ್ಕು ಕಡೆ ವಿಚಾರಿಸುವ ಹಿರಿಯರ ಕೆಲಸ ಇನ್ನೂ ಬಾಕಿಯಿದೆ.

ಕಾಲವಂತೂ ತಿರುಗಿದೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗರ ವಧೂವರರ ಸಮಾವೇಶಕ್ಕೆ 10,000ಕ್ಕೂ ಹೆಚ್ಚು ಗಂಡುಗಳು, 250ರಷ್ಟು ಹೆಣ್ಣುಗಳು ಎಂದು ಪತ್ರಿಕೆಗಳು ಬರೆದವು. ಮರುವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಗಂಡುಗಳು ಹೆಣ್ಣು ಕೊಡಿಸಪ್ಪಾ ಎಂದು ಹನೂರು ತಾಲ್ಲೂಕಿನ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಬಂದರು. ‘ಹೆಣ್ಣೇ ಇಲ್ಲ’ ಎನ್ನುತ್ತಾರೆ. ಹುಟ್ಟಲು ಬಿಡದ ಹೆಣ್ಣುಗಳ ಪಾಪ ಅದರಲ್ಲಿದೆ. ಜೊತೆಗೆ, ಇರುವ ಹೆಣ್ಣುಗಳು ‘ಒಲ್ಲೆ’ ಎನ್ನಲು ಕಲಿತದ್ದೂ ಇದೆ. ಮೊದಲನೆಯದಕ್ಕೆ ನಾವು ನಾಚಬೇಕು. ಎರಡನೆಯದಕ್ಕೆ ಯಾಕೆ ನಾಚಬೇಕು?

ನಿಮಿಷ ಎಷ್ಟು ಎಂಬುದಲ್ಲ ಪ್ರಶ್ನೆ, ಚೀಟಿ ಯಾರ ಕೈಯಲ್ಲಿದೆ ಎಂಬುದು.

“ಹತ್ತರಲ್ಲಿ ಎಷ್ಟು ಜನಕ್ಕೆ ಗುರುತು ಹಾಕಿದೆಯೇ?” ಎಂದು ಕೇಳಿದೆ.

“ಒಬ್ಬರಿಗೂ ಇಲ್ಲ” ಎಂದು ನಕ್ಕು, ಮಾಲೆಯ ಗಂಟು ಬಿಗಿದಳು.