ಕಾವಲಿನ ಕಣ್ಣು

ಮನೆಗೆ ಬಾಗಿಲಿಡುವವನು ಕಳ್ಳನನ್ನು ಹೊರಗಿಡುತ್ತಾನೆ. ಅದೇ ಬಾಗಿಲಿನಿಂದ ನೆಂಟನನ್ನು ಒಳಕ್ಕೆ ಕರೆಯುತ್ತಾನೆ. ಈಚೆಗೆ ನಮ್ಮ ಬಾಗಿಲುಗಳ ಮೇಲೆ ನೆಲೆಗೊಂಡಿರುವ ಕ್ಯಾಮೆರಾ ಎಂಬ ಯಂತ್ರನೇತ್ರವಾದರೋ ಇಬ್ಬರನ್ನೂ ಒಂದೇ ಸಮನಾಗಿ ನೋಡುತ್ತದೆ. ಆದುದರಿಂದ ಅದಕ್ಕಿಲ್ಲದ ವಿವೇಕವನ್ನು ಅದನ್ನು ಕೊಳ್ಳುವವನೇ ಒದಗಿಸಬೇಕಾಗಿದೆ. ಈ ಮಾತನ್ನು ನಾನು ತಡವಾಗಿ ಕಲಿತೆನು.

ಮೈಸೂರಿನ ಅಶೋಕಪುರಂನಲ್ಲಿ ನಾವಿರುವ ಕಟ್ಟಡದಲ್ಲಿ ಆರು ಸಂಸಾರಗಳು ವಾಸವಾಗಿವೆ. ಮೆಟ್ಟಿಲ ಕೆಳಗಿಟ್ಟಿದ್ದ ಎರಡು ಸೈಕಲ್ಲುಗಳು ಕಳುವಾದುದರಿಂದ ಎಲ್ಲರೂ ವಂತಿಗೆ ಹಾಕಿ, ಯಂತ್ರವನ್ನು ಆರಿಸುವ ಹೊಣೆಯನ್ನು ನನಗೆ ವಹಿಸಿದರು. ಹೆಚ್ಚು ಕಂಡಷ್ಟೂ ಹೆಚ್ಚು ಕ್ಷೇಮವೆಂದು ಬಗೆದು, ದೂರವನ್ನು ನೋಡುವ, ಕತ್ತಲಲ್ಲಿಯೂ ಕಾಣುವ, ಮಾತನ್ನೂ ಹಿಡಿದಿಡುವ, ಕತ್ತು ತಿರುಗಿಸುವ ಒಂದನ್ನು ತಂದೆನು. ಸೈಕಲ್ಲುಗಳು ಮತ್ತೆ ಕಳುವಾಗಲಿಲ್ಲ. ಆದರೆ ಎದುರುಮನೆಯ ಜಗಲಿಯಲ್ಲಿ ಸಂಜೆಯ ಹೊತ್ತು ಅವರೆಕಾಯಿ ಸುಲಿಯುತ್ತ ಕುಳಿತಿರುತ್ತಿದ್ದ ಹೆಂಗಸರು ಒಳಗೆ ಸೇರಿಕೊಂಡರು. ಆ ಮನೆಯ ಅಜ್ಜಿ ಒಂದು ದಿನ ನನ್ನನ್ನು ತಡೆದು, "ನಿಮ್ ಸೈಕಲ್ ಕದ್ದಿದ್ದು ನಾವೇನಪ್ಪಾ?" ಎಂದು ಕೇಳಿದರು. ಒಂದು ಕಾಲಕ್ಕೆ ಆದಿಕರ್ನಾಟಕಪುರವೆನಿಸಿದ್ದ ಈ ಬಡಾವಣೆಯ ಹಿರಿಯರಿಗೆ ಪರರ ಸಂಶಯದ ದೃಷ್ಟಿ ಎಂತಹುದೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಕಾಯುವುದು ಬೇರೆ, ಕಣ್ಣಿಡುವುದು ಬೇರೆ. ಕಾಯುವವನ ಲಕ್ಷ್ಯ ವಸ್ತುವಿನ ಮೇಲೆ. ಕಣ್ಣಿಡುವವನ ಲಕ್ಷ್ಯ ಮನುಷ್ಯನ ಮೇಲೆ. "ತಪ್ಪು ಮಾಡದವನಿಗೆ ಅಂಜಿಕೆಯೇಕೆ?" ಎಂದು ಕೇಳುವವರುಂಟು. ತಲೆ ಬಾಚಿಕೊಳ್ಳುವುದು ತಪ್ಪಲ್ಲ. ಮಗಳೊಡನೆ ಕಷ್ಟಸುಖವಾಡುವುದೂ ತಪ್ಪಲ್ಲ. ಆದರೂ ಇವನ್ನು ಅಪರಿಚಿತನ ಎದುರಿನಲ್ಲಿ ಯಾರೂ ಮಾಡಬಯಸರು. ಮರೆಯನ್ನು ಬಯಸುವುದು ಅಪರಾಧದ ಲಕ್ಷಣವಲ್ಲ, ಮರ್ಯಾದೆಯ ಲಕ್ಷಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಆ ಹಕ್ಕನ್ನು ಮುಖ್ಯವಾಗಿ ಸರಕಾರದ ಎದುರಿನಲ್ಲಿ ಸಾಧಿಸಿದ್ದರೂ, ನೆರೆಹೊರೆಯ ಧರ್ಮವು ಅದಕ್ಕಿಂತ ಸಡಿಲವಾಗಿರಬಹುದೇ?

ಇನ್ನೊಂದು ಅಪಾಯವೂ ಉಂಟು. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶವು ಲೋಕದ ನಾನಾ ಕಡೆಗಳಲ್ಲಿ ಇಂತಹ ಕ್ಯಾಮೆರಾಗಳೊಳಕ್ಕೆ ನುಗ್ಗಿ, ಅವುಗಳ ಮೂಲಕವೇ ಅಂತರ್ಜಾಲದ ದೊಡ್ಡ ತಾಣಗಳನ್ನು ಕೆಡವಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಜಮಾನರು ಬದಲಿಸದೆ ಇದ್ದುದೇ ಅದು ನುಗ್ಗಿದ ದಾರಿ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಹೀಗೆ ಯೋಚಿಸಿ ನಾವು ಆ ಯಂತ್ರವನ್ನು ಹಿಂದಿರುಗಿಸಿದೆವು. ಕತ್ತು ತಿರುಗಿಸದ, ಕಿವಿಯಿಲ್ಲದ ಎರಡು ಕ್ಯಾಮೆರಾಗಳನ್ನು ತಂದು, ಒಂದನ್ನು ಗೇಟಿಗೆ, ಒಂದನ್ನು ಮೆಟ್ಟಿಲಿಗೆ ಇಟ್ಟೆವು. ಗೇಟಿನ ಚಿತ್ರದಲ್ಲಿ ಎದುರುಮನೆಯ ಭಾಗ ಬರುತ್ತಿದ್ದುದರಿಂದ ಅಷ್ಟನ್ನು ಕಪ್ಪಾಗಿಸಿದೆವು. ಇದಕ್ಕೆ ಯಂತ್ರದಲ್ಲಿಯೇ ಅನುಕೂಲವುಂಟು. ಜನಸಂದಣಿಯ ಸ್ಥಳಗಳಲ್ಲಿ ಚಿತ್ರಗಳನ್ನು 30 ದಿನ ಕಾದಿಡಬೇಕೆಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾನೂನು ವಿಧಿಸುತ್ತದೆ. ಅದರ ವ್ಯಾಪ್ತಿಗೆ ಬಾರದ ನಮ್ಮ ಸಣ್ಣ ಕಟ್ಟಡಕ್ಕೆ 15 ದಿನ ಸಾಕೆಂದು ಗೊತ್ತುಮಾಡಿದೆವು. ಬಳಿಕ ಹಳೆಯ ಚಿತ್ರಗಳ ಮೇಲೆ ಹೊಸವು ತಾವೇ ಮೂಡುತ್ತವೆ. ಪಾಸ್‌ವರ್ಡನ್ನು ಬದಲಿಸಿದೆವು. ಎರಡು ಮನೆಯವರು ಒಟ್ಟಿಗೆ ಕೂತಲ್ಲದೆ ಚಿತ್ರಗಳನ್ನು ನೋಡಕೂಡದೆಂಬ ಕಟ್ಟಳೆಯನ್ನೂ ಮಾಡಿಕೊಂಡೆವು. ಇಲ್ಲಿ ಕ್ಯಾಮೆರಾ ಇದೆಯೆಂದು ಗೇಟಿನ ಮೇಲೆ ಬರೆಯಿಸಿದೆವು. ಹೇಳಿ ನೋಡುವುದಕ್ಕೂ ಕದ್ದು ನೋಡುವುದಕ್ಕೂ ಅಂತರವಿದೆಯಷ್ಟೆ.

ಕೊನೆಗೆ ಅಜ್ಜಿಯನ್ನು ಕರೆತಂದು ಪರದೆಯನ್ನು ತೋರಿಸಿದೆನು. ತಮ್ಮ ಜಗಲಿಯಿದ್ದ ಕಡೆ ಬರಿಯ ಕಪ್ಪನ್ನು ಕಂಡು, "ಹೂಂ" ಎಂದಷ್ಟೇ ಹೇಳಿದರು. ಯಂತ್ರವನ್ನು ಸರಿಪಡಿಸಲು ನಮಗೆ ಒಂದು ಮಧ್ಯಾಹ್ನ ಸಾಕಾಯಿತು. ಮರುದಿನ ಸಂಜೆಯಿಂದ ಅಜ್ಜಿ ಜಗಲಿಗೆ ಬಂದು ಕೂಡುತ್ತಿದ್ದಾರೆ. ಸೊಸೆಯಂದಿರು ಇನ್ನೂ ಬಂದಿಲ್ಲ.